ದಿಬ್ಬಣದ ಎರಡನೆಯ ಗಾಡಿ

"ಗುರುಗಳೇ, ನೀವು ಮನೆ ಬಿಟ್ಟು ಬಂದ ವಯಸ್ಸೇ ಈಗ ನನ್ನದು. ನೀವು ಹಿಡಿದ ದಾರಿಯನ್ನು ನಾನೂ ಹಿಡಿದರೆ ತಪ್ಪೇನು?"

ಕೇಳಿದವನು ಮಠದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಶಿಷ್ಯ, ರೇವಣಯ್ಯ. ಕಾವಿ ಉಡಲು ಅಪ್ಪಣೆ ಬೇಕೆಂದು ಅವನು ಕೇಳುತ್ತಿದ್ದುದು ಅದೇ ಮೊದಲಲ್ಲ. ಅವನ ಹೆಂಡತಿ ಹೆರಿಗೆಗೆಂದು ತವರಿಗೆ ಹೋಗಿದ್ದಳು. ದಿನ ತುಂಬುತ್ತ ಬಂದಿತ್ತು. ತನ್ನ ನಿಶ್ಚಯವನ್ನು ಅವನು ಆಕೆಗಿನ್ನೂ ಹೇಳಿರಲಿಲ್ಲ.

ಗುರುಗಳು ಕುಳಿತುಕೊಳ್ಳಲು ಸನ್ನೆ ಮಾಡಿ ಕತೆ ಹೇಳಿದರು.

ಒಂದು ಊರಿನಲ್ಲಿ ಇಬ್ಬರು ಅಣ್ಣತಮ್ಮಂದಿರು. ಇಬ್ಬರೂ ಬಾಡಿಗೆ ಗಾಡಿ ಓಡಿಸಿ ಬದುಕುವವರು. ತಮ್ಮನಿಗೆ ಗಾಡಿ ಕಲಿಸಿದವನು ಅಣ್ಣನೇ. ಎಲ್ಲಕ್ಕಿಂತ ಹೆಚ್ಚು ಕಾಲ ಹಿಡಿದು ಕಲಿಸಿದ್ದು ಮುಂದಿನ ಗಾಡಿಯನ್ನು ದಾಟುವ ವಿದ್ಯೆ. ಓಡಿಸುವುದನ್ನು ಕೈಕಾಲು ಕಲಿಯುತ್ತವೆ, ದಾಟುವುದನ್ನು ಮನಸ್ಸು ಕಲಿಯಬೇಕು ಎಂದು ಅವನು ನಂಬಿದ್ದ. ತಿರುವಿನಲ್ಲಿ ದಾಟಬಾರದು. ಸೇತುವೆಯ ಮೇಲೆ ದಾಟಬಾರದು. ಏರಿನ ಆಚೆ ಏನಿದೆಯೆಂದು ಕಾಣದಿದ್ದರೆ ದಾಟಬಾರದು. ದಾಟುವುದಾದರೆ ಬಲಗಡೆಯಿಂದಲೇ, ಎದುರಿನ ರಸ್ತೆ ಖಾಲಿಯಿರುವುದನ್ನು ಸ್ವಂತ ಕಣ್ಣಿನಿಂದ ಕಂಡ ಮೇಲೆಯೇ. ದಾಟಿದ ಗಾಡಿ ಕನ್ನಡಿಯಲ್ಲಿ ಪೂರ್ತಿ ಕಾಣುವ ತನಕ ಎಡಕ್ಕೆ ಹೊರಳಬಾರದು. ಇನ್ನೊಬ್ಬರು ನಮ್ಮನ್ನು ದಾಟುವಾಗ ನಾವು ವೇಗ ಹೆಚ್ಚಿಸಬಾರದು. ತಮ್ಮ ಇವನ್ನೆಲ್ಲ ಮಗ್ಗಿಯಂತೆ ಒಪ್ಪಿಸುತ್ತಿದ್ದ. ತಪ್ಪಿದರೆ ಅಣ್ಣ ತಲೆಗೊಂದು ಮೊಟಕುತ್ತಿದ್ದ.

ತಂಗಿಯ ಮದುವೆ ಬಂತು. ಮದುವೆ ಗಂಡಿನ ಊರಿನಲ್ಲಿ. ಹೆಣ್ಣಿನ ದಿಬ್ಬಣ ಬೆಳಿಗ್ಗೆ ಹೊರಟು ನಿಂತಿತು. ಅಣ್ಣನ ಗಾಡಿಯಲ್ಲಿ ಮದುಮಗಳು, ಸೋದರತ್ತೆ, ಮನೆಯ ಹೆಂಗಸರು. ತಮ್ಮನ ಗಾಡಿಯಲ್ಲಿ ತಂಗಿಗೆ ಕೊಡುವ ಬೀರು, ಮಂಚ, ಪಾತ್ರೆಗಳು.

ಚಕ್ರಗಳ ಅಡಿಗೆ ನಿಂಬೆಹಣ್ಣು ಇಟ್ಟಾದ ಮೇಲೆ ಸೋದರತ್ತೆ ಒಂದು ಮಾತು ತೆಗೆದಳು. "ದಿಬ್ಬಣದ ಗಾಡಿಗಳ ನಡುವೆ ಪರರ ಗಾಡಿ ಹೊಗಬಾರದು. ಹೊಕ್ಕರೆ ಹುಡುಗಿಗೂ ತವರಿಗೂ ನಡುವೆ ಯಾರೋ ಹೊಕ್ಕ ಹಾಗೆ. ನನ್ನ ದಿಬ್ಬಣದಲ್ಲಿ ಹೊಕ್ಕಿತ್ತು. ವರ್ಷಗಟ್ಟಲೆ ತವರಿನ ಮುಖ ಕಾಣದ ನನ್ನ ಗತಿ ನೀವೇ ನೋಡಿದ್ದೀರಲ್ಲ."

"ಅತ್ತೆ, ನಿನ್ನ ಮಾತಿನ ನಡುವೆ ಒಂದು ನೊಣವೂ ಹೊಗಲಾರದು, ಗಾಡಿ ಎಲ್ಲಿ ಹೊಗುತ್ತದೆ?" ಎಂದ ತಮ್ಮ. "ಹುಡುಗಿ ಮುಂದೆ ಹೋಗಲಿ. ನಾನು ನಿಧಾನ ಬರುತ್ತೇನೆ. ಬೀರುವಿಗೇನು ಮುಹೂರ್ತ ಇದೆಯೇ?"

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ಮದುಮಗಳ ಮುಖ ಸಣ್ಣದಾದದ್ದನ್ನು ಅಣ್ಣ ಕಂಡ. ಶುಭದ ದಿನ ವಾದ ಬೇಡ ಎನಿಸಿತು.

"ಆಯಿತು, ನನ್ನ ಬೆನ್ನು ಬಿಡಬೇಡ," ಎಂದು ತಮ್ಮನಿಗೆ ಹೇಳಿದ.

ಅವನು ಕಲಿಸಿದ ಪಾಠದಲ್ಲಿ ಈ ಮಾತು ಎಲ್ಲಿಯೂ ಇರಲಿಲ್ಲ. ಆದರೆ ಹೇಳಿದವನು ಅಣ್ಣ. ತಮ್ಮ ತಲೆಯಾಡಿಸಿದ.

ಅರ್ಧ ದಾರಿಯಲ್ಲಿ ಕಲ್ಲು ಹೇರಿದ ಲಾರಿಯೊಂದು ಮುಂದೆ ಸಿಕ್ಕಿತು. ಅದು ತೆವಳುತ್ತಿತ್ತು. ಮುಹೂರ್ತ ಹತ್ತಿರವಾಗುತ್ತಿತ್ತು. ಅಣ್ಣ ಹಾರ್ನ್ ಮಾಡಿ ಕಾದ. ತಿರುವು ಬಂತು, ಕಾದ. ಸೇತುವೆ ಬಂತು, ಕಾದ. ಆಮೇಲೆ ನೇರ ರಸ್ತೆ, ಅದರ ಕೊನೆಯಲ್ಲಿ ಒಂದು ಏರು. ಲಾರಿಯವನು ಕೈ ಹೊರಗೆ ಹಾಕಿ, ಹೋಗಿ ಎಂದು ಬೀಸಿದ. ಅಣ್ಣ ಆ ಕೈಯೊಂದನ್ನೇ ನಂಬಲಿಲ್ಲ. ತಾನೂ ನೋಡಿದ. ರಸ್ತೆ ಖಾಲಿಯಿತ್ತು. ದಾಟಿದ. ಲಾರಿ ಕನ್ನಡಿಯಲ್ಲಿ ಪೂರ್ತಿ ಕಂಡ ಮೇಲೆ ಎಡಕ್ಕೆ ಬಂದ.

ಆಗ ಏರಿನ ತುದಿಯಲ್ಲಿ ಬಸ್ಸು ಕಾಣಿಸಿತು.

ಅಣ್ಣ ಕನ್ನಡಿ ನೋಡಿದ. ತಮ್ಮನ ಗಾಡಿ ಆಗಲೇ ಬಲಕ್ಕೆ ಬಂದು ಲಾರಿಯ ಪಕ್ಕದಲ್ಲಿತ್ತು. ಬೀರು ಮಂಚಗಳ ಭಾರ ಹೊತ್ತ ಗಾಡಿ ಬೇಗ ಮುಂದೆ ಬರಲಾರದು. ಲಾರಿಯವನು ವೇಗ ತಗ್ಗಿಸಿ ರಸ್ತೆಯ ಅಂಚಿಗೆ ಸರಿದ. ಅಣ್ಣನೂ ಎಡಗಡೆಯ ಮಣ್ಣಿಗಿಳಿದ. ಬಸ್ಸು ಅವನ ಪಕ್ಕದಿಂದ ಹಾದುಹೋಯಿತು. ಮರುಕ್ಷಣ ಕನ್ನಡಿಯಲ್ಲಿ ಧೂಳು ಬಿಟ್ಟು ಬೇರೇನೂ ಕಾಣಲಿಲ್ಲ. ಹಿಂದಿನ ಸೀಟಿನಲ್ಲಿ ಅತ್ತೆ ಸೋಬಾನೆ ಹೇಳುತ್ತಲೇ ಇದ್ದಳು. ಅವಳಿಗೆ ಇನ್ನೂ ತಿಳಿದಿರಲಿಲ್ಲ.

ತಮ್ಮ ಅಲ್ಲಿಯೇ ತೀರಿಕೊಂಡ.

ಅಣ್ಣ ಲಾರಿಯವನ ಅಂಗಿ ಹಿಡಿದ. "ಕೈ ಬೀಸಿದವನು ನೀನು. ನೀನು ಬೀಸಿದ್ದಕ್ಕೇ ಅವನು ಬಂದ."

ಲಾರಿಯವನು ಬಿಡಿಸಿಕೊಳ್ಳಲಿಲ್ಲ. ಅವನೂ ಅಳುತ್ತಿದ್ದ.

"ಬೀಸಿದ್ದು ನಿಮಗೆ, ಅಣ್ಣಾ. ರಸ್ತೆ ನಿಮಗೆ ಖಾಲಿಯಿತ್ತು. ಅವರಿಗೆ ಇರಲಿಲ್ಲ. ಅವರು ನನ್ನ ಕೈ ನೋಡಲಿಲ್ಲ, ರಸ್ತೆಯನ್ನೂ ನೋಡಲಿಲ್ಲ. ನಿಮ್ಮ ಬೆನ್ನು ನೋಡಿಕೊಂಡು ಬಂದರು."

ಅಣ್ಣನ ಕೈ ಸಡಿಲಿತು. ಬೀರು ರಸ್ತೆಯ ಪಕ್ಕದಲ್ಲಿ ಮಗ್ಗುಲಾಗಿ ಬಿದ್ದಿತ್ತು. ಅದಕ್ಕೆ ಮುಹೂರ್ತ ಇರಲಿಲ್ಲ ಎಂಬುದು ಅವನಿಗೆ ಆಗ ನೆನಪಾಯಿತು.

ತಂಗಿಯ ಮದುವೆ ಕೆಲವು ತಿಂಗಳ ಮೇಲೆ ಸದ್ದಿಲ್ಲದೆ ನಡೆಯಿತು. ದಿಬ್ಬಣ ಹೊರಡಲಿಲ್ಲ. ಗಂಡಿನವರೇ ಬಂದು ತಾಳಿ ಕಟ್ಟಿಸಿ ಕರೆದುಕೊಂಡು ಹೋದರು. ಅಣ್ಣ ಮತ್ತೆ ಗಾಡಿ ಓಡಿಸಿದ. ಹೊಟ್ಟೆ ಕೇಳಬೇಕಲ್ಲ. ಆದರೆ ಯಾವ ಗಾಡಿಯನ್ನು ದಾಟಿದರೂ, ದಾಟಿ ಎಡಕ್ಕೆ ಬಂದ ಮೇಲೂ, ಅವನು ಕನ್ನಡಿಯನ್ನು ನೋಡುತ್ತಲೇ ಇರುತ್ತಾನೆ. ಪಕ್ಕದಲ್ಲಿ ಕುಳಿತವರು, ಹಿಂದೆ ಯಾರಾದರೂ ಬರುವವರಿದ್ದಾರೆಯೇ ಎಂದು ಕೇಳುತ್ತಾರೆ. ಅವನು ಇಲ್ಲ ಎನ್ನುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು.

"ತಮ್ಮನ ತಪ್ಪು ತಿಳಿಯಿತು ಗುರುಗಳೇ. ಆದರೆ ನಿಮ್ಮದು ಗಾಡಿಗಳ ದಾರಿಯಲ್ಲವಲ್ಲ. ನಿಮ್ಮ ಬೆನ್ನ ಹಿಂದೆ ಬಂದರೆ ಯಾರಿಗೆ ಏನು ಅಪಾಯ?"

"ನಾನು ಮನೆ ಬಿಟ್ಟಾಗ ಎದುರಿನಿಂದ ಯಾರೂ ಬರುತ್ತಿರಲಿಲ್ಲ," ಎಂದರು ಗುರುಗಳು.

ರೇವಣಯ್ಯ ಅಂದೇ ಹೆಂಡತಿಯ ತವರಿನ ದಾರಿ ಹಿಡಿದ.