ಎಲೆಯ ಅಂಚಿನ ತುತ್ತು

ಹೊತ್ತು, ನಡುಮಧ್ಯಾಹ್ನ. ಮೋಡ ಕವಿದಿತ್ತು, ಗಾಳಿ ಇರಲಿಲ್ಲ. ಇದ್ದವರು: ಹೊಳೆದಂಡೆಯ ಮಠದ ಗುರುಗಳು, ಅನ್ನ ಬಡಿಸುತ್ತಿದ್ದ ಶಿಷ್ಯ ಶಿವನಂಜ, ದಾಸೋಹಕ್ಕೆಂದು ಬಂದು ಪಂಕ್ತಿಯಲ್ಲಿ ಕುಳಿತ ನೆಲೆಯಿಲ್ಲದ ಜನ.

ಮಠದ ಕಟ್ಟಳೆ ಕಟ್ಟುನಿಟ್ಟಾಗಿತ್ತು. ಉಣ್ಣುವವರು ಎಲೆಯಲ್ಲಿ ಪ್ರಸಾದ ಬಿಡಬಾರದು. ಬಡಿಸುವವರು ಉಣ್ಣುವವರ ಹೆಸರು ಕೇಳಬಾರದು.

ಶಿವನಂಜ ಕೇಳಿದನು. ಒಬ್ಬ ಮುದುಕನ ಎಲೆಯ ಮುಂದೆ ನಿಂತು, ಸೌಟು ಎತ್ತುವ ಮೊದಲೇ ಹೆಸರು, ಊರು ವಿಚಾರಿಸಿದನು.

"ಅನ್ನ ಇಕ್ಕೋಕೆ ಬಂದಿದ್ದೀಯೋ, ಪೊಲೀಸ್ ಠಾಣೇಲಿ ಬರ್ಕೊಳ್ಳೋಕೋ?" ಎಂದು ಮುದುಕನು ಉಣ್ಣದೆ ಎದ್ದುಹೋದನು.

ಗುರುಗಳು ಶಿಷ್ಯನನ್ನು ಕರೆದು ಕಾರಣ ಕೇಳಿದರು.

ಅವನು ಏನನ್ನೂ ಮುಚ್ಚಿಡಲಿಲ್ಲ. ತಾಯಿ ತೀರಿಕೊಂಡ ವರ್ಷ ಅವನ ಅಣ್ಣ ಗುರುಮಲ್ಲನು ಮನಸ್ಸು ಕದಡಿ ಮನೆ ಬಿಟ್ಟಿದ್ದನು. ಈ ಹೊಳೆಯ ಮಂಟಪದಲ್ಲಿ ಮಲಗುವವರ ನಡುವೆ ಅವನನ್ನು ಕಂಡೆವೆಂದು ಊರಿನವರು ಯಾರೋ ಹೇಳಿದ್ದರು. ಶಿವನಂಜ ಈ ಮಠಕ್ಕೆ ಸೇರಿದ್ದೇ ಅದಕ್ಕಾಗಿ.

"ಅಣ್ಣನ ಮುಖ ಕಂಡರೆ ಗುರುತು ಹತ್ತುವುದಿಲ್ಲವೇ?"

"ಆಗ ನಾನು ತೀರ ಚಿಕ್ಕವನು, ಬುದ್ಧಿ. ಅವನು ಈಗ ಹೇಗೆ ಕಾಣುತ್ತಾನೋ ಗೊತ್ತಿಲ್ಲ; ನನ್ನಲ್ಲಿ ಉಳಿದಿರುವುದು ಹೆಸರೊಂದೇ."

ಗುರುಗಳು ಇನ್ನೂ ಊಟ ಮಾಡಿರಲಿಲ್ಲ. ತಮ್ಮ ಪಾಲಿನ ಅನ್ನವನ್ನು ಎರಡು ಎಲೆಗಳಲ್ಲಿ ಹಂಚಿ ಕಟ್ಟಿದರು.

"ಹಸಿದು ಹೋದವನು ಮಂಟಪದಲ್ಲಿರುತ್ತಾನೆ. ಅವನ ಜೊತೆ ಕುಳಿತು ಉಣ್ಣು. ಏನನ್ನೂ ಕೇಳಬೇಡ."

ಮಂಟಪದಲ್ಲಿ ಶಿವನಂಜ ಎಲೆ ಬಿಚ್ಚಿಟ್ಟಾಗ ಮುದುಕನು ಮೊದಲು ಬೆನ್ನು ತಿರುಗಿಸಿದನು. ಆಮೇಲೆ ಎಲೆಯನ್ನು ತನ್ನ ಕಡೆಗೆ ಎಳೆದುಕೊಂಡನು. ಸಾಹೇಬರು ಈಗ ಬರೆದುಕೊಳ್ಳುವುದಿಲ್ಲವೋ ಎಂದು ಚುಚ್ಚಿದನು. ಶಿವನಂಜ ತಲೆ ತಗ್ಗಿಸಿ ಉಂಡನು. ಕೈ ತೊಳೆದ ಮೇಲೆ ಮುದುಕನು ತಾನಾಗಿಯೇ ಮಂಟಪದವರ ಸಂಗತಿಗಳನ್ನು ಒಂದೊಂದಾಗಿ ಹೇಳತೊಡಗಿದನು.

ಶಿವನಂಜ ಹಿಂದಿರುಗಿದಾಗ ಹೊತ್ತು ಇಳಿದಿತ್ತು. ಗುರುಗಳ ಮುಂದೆ ಕುಳಿತು, ಕೇಳಿದ್ದನ್ನು ಕೇಳಿದಂತೆಯೇ ಒಪ್ಪಿಸಿದನು.

ಮಂಟಪದಲ್ಲಿ ಗುರುಮಲ್ಲ ಎಂಬವನೊಬ್ಬ ಇದ್ದನಂತೆ. ಯಾರೊಡನೆಯೂ ಹೆಚ್ಚು ಮಾತಿಲ್ಲ. ಊಟದ ಕೊನೆಗೆ ಒಂದು ತುತ್ತನ್ನು ಎಲೆಯ ಅಂಚಿಗೆ ಸರಿಸಿ ಬಿಡುತ್ತಿದ್ದನಂತೆ. ಯಾರಿಗೆಂದು ಕೇಳಿದರೆ, ತಮ್ಮನಿಗೆ ಎನ್ನುತ್ತಿದ್ದನಂತೆ. ಪ್ರಸಾದ ಬಿಡುವವನು ನಾಳೆಯಿಂದ ಬರಬೇಡವೆಂದು ದಾಸೋಹದಲ್ಲಿ ಬಡಿಸುವವನೊಬ್ಬ ಎಲ್ಲರೆದುರು ಗದರಿದ ಮೇಲೆ, ಮಠದ ಕಡೆ ಸುಳಿಯಲೇ ಇಲ್ಲವಂತೆ. ಈಗ ಹೊಳೆಯಾಚೆಯ ಸಂತೆಮಾಳದಲ್ಲಿ, ಅಂಗಡಿಗಳ ಸೂರಿನ ಕೆಳಗೆ ಮಲಗುತ್ತಾನಂತೆ.

"ಚಿಕ್ಕವನಿದ್ದಾಗ ಅಣ್ಣ ಬಿಡುತ್ತಿದ್ದ ಆ ತುತ್ತು ತಿನ್ನದೆ ನಾನು ಮಲಗುತ್ತಿರಲಿಲ್ಲ, ಬುದ್ಧಿ. ಅದು ಮರೆತೇಹೋಗಿತ್ತು."

ಶಿವನಂಜ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡನು.

"ಗದರಿದವನು ನಾನೇ."

ಶಿಷ್ಯನು ಅಳುತ್ತಿದ್ದನು, ಗುರುಗಳು ಅಳಲು ಬಿಟ್ಟರು. ಬಳಿಕ ಎದ್ದು, ತಮ್ಮ ಹಾಸಿಗೆಯ ಮೇಲಿದ್ದ ಕಂಬಳಿಯನ್ನು ಮಡಿಸಿ ತಂದು ಅವನ ಹೆಗಲಿಗೆ ಹಾಕಿದರು, ಕೈಗೆ ಬುತ್ತಿ ಕೊಟ್ಟು ಸಂತೆಮಾಳದ ದಾರಿ ತೋರಿಸಿದರು.

ಮಠದಲ್ಲಿ ಕಲಿತದ್ದೆಲ್ಲ ಅವನಿಗೆ ಆ ಹೊತ್ತಿನಲ್ಲಿ ಉಪಯೋಗಕ್ಕೆ ಬರಲಿಲ್ಲ. ಅಣ್ಣನು ತನ್ನನ್ನು ಕಂಡೊಡನೆ ಬೈದವನೆಂದು ಗುರುತಿಸಿ ಎದ್ದುಹೋಗಬಹುದೆಂದು ಹೆದರಿದನು. ಬಾಗಿಲವರೆಗೆ ಹೋಗಿ ನಿಂತನು.

"ಏನು ಹೇಳಿ ಕರೆಯಲಿ, ಬುದ್ಧಿ?"

"ಕರೆಯಬೇಡ. ಪಕ್ಕದಲ್ಲಿ ಕುಳಿತು ಉಣ್ಣು. ಅವನು ತುತ್ತು ಬಿಟ್ಟರೆ, ಎತ್ತಿಕೊಂಡು ತಿನ್ನು."