ಚಪ್ಪಲಿ ಜೋಡಿಸುವ ಆಟ

ಅಂಗನವಾಡಿಯ ಮಕ್ಕಳು ಹುಣಸೆಬೀಜ, ಗುಂಡಿ, ಬಾಟಲಿ ಮುಚ್ಚಳಗಳನ್ನು ಬೇರೆ ಬೇರೆ ಗುಂಪು ಮಾಡುತ್ತ ಕೂತಿದ್ದರು. ಡ್ರೈವರನ ಜೊತೆ ತಪಾಸಣೆಗೆ ಬಂದ ಸಾಹೇಬರು ಹೊರಗೆ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವರೇ ಗುಡುಗಿದರು.

“ಏನಮ್ಮಾ ಈ ಕಸ? ಇವತ್ತೇ ತಿಪ್ಪೆಗೆ ಎಸೀರಿ. ಮಕ್ಕಳು ಕೈ ಕಟ್ಟಿ ಕೂತು ಮಗ್ಗಿ ಹೇಳಲಿ!”

ಮಕ್ಕಳ ಮುಖ ಸಣ್ಣದಾಯಿತು. ಟೀಚರ್ ನೀಲವ್ವ ಬಾಗಿಲಾಚೆ ಬಿಟ್ಟಿದ್ದ ಚಪ್ಪಲಿಗಳನ್ನೊಮ್ಮೆ ನೋಡಿದಳು.

“ಆಗಲಿ ಸಾಹೇಬ್ರ, ಎಸೀತೀನಿ. ಕೊನೇದಾಗಿ ಒಂದೇ ಒಂದು ಆಟ ಆಡಿಸ್ತೀನ್ರಿ. ಮಕ್ಕಳೇ, ಹೊರಗಿನ ಚಪ್ಪಲಿ ಎಲ್ಲಾ ಜೋಡಿ ಮಾಡ್ರಿ ನೋಡೋಣ!”

ಮಕ್ಕಳು ಹೋ ಎಂದು ಓಡಿದರು. ಚಿಕ್ಕ ಚಪ್ಪಲಿಗಳೆಲ್ಲ ಚಕಚಕನೆ ಜೋಡಿಯಾದವು. ಉಳಿದದ್ದು ಸಾಹೇಬರ ಮತ್ತು ಅವರ ಡ್ರೈವರನ ಕರಿ ಚಪ್ಪಲಿಗಳು. ನಾಲ್ಕು ವರ್ಷದ ಚನ್ನಿ ಸಾಹೇಬರು ಬಿಟ್ಟ ಎರಡನ್ನೂ ಎತ್ತಿ, ಅಟ್ಟೆಗೆ ಅಟ್ಟೆ ಹಚ್ಚಿ ಅಳೆದಳು.

“ಟೀಚರ್, ಇದು ಉದ್ದ, ಇದು ಗಿಡ್ಡ! ಈ ಅಜ್ಜ ಅದಲುಬದಲು ಹಾಕ್ಕೊಂಡಾನ!”

ಗಿಡ್ಡದ್ದನ್ನು ಡ್ರೈವರನ ಒಂದು ಚಪ್ಪಲಿಯ ಪಕ್ಕಕ್ಕಿಟ್ಟಳು. ಎರಡು ಜೋಡಿಯೂ ಸರಿಹೋದವು.

ಡ್ರೈವರ್ ತಲೆ ಕೆರೆದುಕೊಂಡ. “ಊಟಕ್ಕ ಹೋದ ಮನ್ಯಾಗ ಒಂದೊಂದು ಬದಲಾದವ್ರಿ. ನಂಗೊಂದು ಕಾಲಿಂದ ಜಾರತಿತ್ತು. ನಿಮಗ ಹೇಳಾಕ ಅಂಜಿದೆ.”

“ಅಯ್ಯೋ ಮಾರಾಯಾ! ಒಂದು ಚಪ್ಪಲಿ ಬಿಗಿಯಾಯ್ತು, ಕಾಲು ಬಾತಿದೆ ಅಂತ ನಾನು ಡಾಕ್ಟರಿಗೆ ಫೋನ್ ಮಾಡಿದ್ದೀನಲ್ಲೋ!”

ಸಾಹೇಬರು ಸರಿಯಾದ ಜೋಡಿ ಮೆಟ್ಟಿ ಅಂಗಳದಲ್ಲಿ ಒಂದು ಸುತ್ತು ಹಾಕಿದರು. ಮುಖ ಅರಳಿತು. ಮಕ್ಕಳು ಕುಣಿದಾಡಿದರು.

ನೀಲವ್ವ ಬೀಜ, ಗುಂಡಿ, ಮುಚ್ಚಳ ತುಂಬಿದ ಬುಟ್ಟಿ ಎತ್ತಿಕೊಂಡು ಮೆಲ್ಲಗೆ ಕೇಳಿದಳು: “ತಿಪ್ಪೆಗೆ ಹಾಕಿ ಬರ್ಲೇನ್ರಿ?”

“ಬೇಡ ಬೇಡ! ಇರಲಿ ತಾಯಿ, ಆಡಿಸಿ!”

ಚನ್ನಿ ಸಾಹೇಬರ ಬೆರಳು ಹಿಡಿದೆಳೆದಳು. “ಅಜ್ಜಾ, ನಾಳೆನೂ ಬಾ. ನಿನಗೂ ಕಲಿಸ್ತೀವಿ.”