ಒಗಟು ಮುಗಿಯುವ ಮುನ್ನ ಎದ್ದ ಕೈಗಳು

"ಕೇಳಿರಪ್ಪೋ ಕೇಳಿ! ಹನ್ನೆರಡು ದಾಟಿದ, ಹದಿನೆಂಟು ಮುಟ್ಟದ ಮಕ್ಕಳಿಗೆ ಈ ಬೇಸಿಗೆ ಅರಮನೆಯ ತೋಟದಲ್ಲಿ ನಲವತ್ತು ದಿನದ ವಿದ್ಯಾವಾಸ. ಅಲ್ಲೇ ಊಟ, ಅಲ್ಲೇ ನಿದ್ದೆ, ಅಲ್ಲೇ ಪಾಠ. ಕೊನೆಯ ದಿನ ಮಹಾರಾಜರು ಮೂರು ಒಗಟು ಹಾಕುತ್ತಾರೆ. ಗೆದ್ದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪು ಹೇಳಿದವರ ತಲೆ ಹೋಗುತ್ತದೆ. ಮೂರರಲ್ಲಿ ಒಂದಕ್ಕೆ ಉತ್ತರ ಬಾರದಿದ್ದರೂ ಅರಮನೆಯ ಅನ್ನ ಉಂಡ ಅಷ್ಟೂ ಮಕ್ಕಳ ತಲೆ ಹೋಗುತ್ತದೆ!"

ಕುಂದಣಗಿರಿಯ ಅರಸ ಚಂಡಸೇನನ ಡಂಗುರ ಹೀಗೆ ಊರೂರು ಸುತ್ತಿತು. ತಲೆ ಹೋಗುವ ಮಾತು ಕೇಳಿ ತಂದೆತಾಯಂದಿರು ಹೆದರಿದರು ಅಂದುಕೊಂಡಿರಾ? ಎಲ್ಲಿಯ ಹೆದರಿಕೆ. ಪಕ್ಕದ ಮನೆಯವರ ಮಗ ಹೋಗುತ್ತಾನಂತೆ ಅನ್ನುವುದೊಂದೇ ಅವರ ಕಿವಿಗೆ ಬಿದ್ದದ್ದು. ಮಕ್ಕಳನ್ನು ಪಲ್ಲಕ್ಕಿಯಲ್ಲಿ ಹೇರಿಕೊಂಡು ಬಂದು ತೋಟದ ಬಾಗಿಲಲ್ಲಿ ನೂಕುನುಗ್ಗಲು ಮಾಡಿದರು.

ಬಡವರಿಗೆಂದು ಒಂದು ಧರ್ಮದ ಜಾಗ ಇತ್ತು. ಚೀಟಿ ಎತ್ತಿದಾಗ ಅದು ಬಾವಿ ತೋಡುವ ದ್ಯಾವಪ್ಪನ ಮಗಳು ಕೆಂಚಿಗೆ ಬಂತು. "ನಾನು ಒಲ್ಲೆ" ಅಂದಳು ಹದಿನೈದರ ಕೆಂಚಿ. ಅರಸನ ಚೀಟಿಗೆ ಒಲ್ಲೆ ಅನ್ನುವ ಹಾಗಿಲ್ಲ ಅಂತ ಕಾವಲಿನವರು ಕೈಹಿಡಿದು ಒಳಗೆ ಬಿಟ್ಟರು.

ಒಳಗಿನ ದೊಡ್ಡ ಗುರು ಪಂಡಿತ ಶಬ್ದಭೂಷಣ. ಹೆಸರಿನಷ್ಟೇ ಉದ್ದದ ಶಾಲು, ಶಾಲಿಗಿಂತ ಉದ್ದದ ಗರ್ವ. ಅವನ ವಿದ್ಯಾವಾಸದ ಪದ್ಧತಿ ಏನು ಗೊತ್ತೇ? ಮೊದಲು ಕೈ ಎತ್ತಿದವರಿಗೆ ಜರಿಯ ಪಟ್ಟಿ. ಅವನು ಬಾಯಿ ತೆರೆಯುವುದರೊಳಗೆ ಮಕ್ಕಳ ಕೈ ಮೇಲೆ ಇರಬೇಕು. ವಾರ ಕಳೆಯುವಷ್ಟರಲ್ಲಿ ಪಂಡಿತ ಕೆಮ್ಮಿದರೂ ಮೂವತ್ತು ಕೈ ಏಳುತ್ತಿದ್ದವು. ಮಂತ್ರಿಯ ಮಗ ವಿಜಯಪ್ರತಾಪನ ತೋಳಿನಲ್ಲಿ ಹನ್ನೊಂದು ಪಟ್ಟಿ, ವರ್ತಕನ ಮಗ ರತ್ನಾಂಗದನಿಗೆ ಒಂಬತ್ತು. ಕೆಂಚಿಗೆ ಒಂದೂ ಇಲ್ಲ. "ಧರ್ಮದ ಜಾಗಕ್ಕೆ ಇನ್ನೇನು ಬರುತ್ತದೆ" ಅಂತ ಪಂಡಿತ ಎಲ್ಲರೆದುರು ನಗುತ್ತಿದ್ದ. ಇವರು ಕಲಿಯಲು ಬಂದವರೋ ಹಾರಲು ಬಂದವರೋ ಅಂತ ಕೆಂಚಿಗೆ ಹೇಸಿಗೆಯಾಗುತ್ತಿತ್ತು. ಅರಮನೆಯ ಮೇಲಿನ ಕಿಟಕಿಯಿಂದ ಅರಸ ದಿನವೂ ಇದನ್ನೆಲ್ಲ ನೋಡುತ್ತಿದ್ದುದು ಅವಳ ಕಣ್ಣಿಗೆ ಬಿದ್ದಿತ್ತು.

ನಲವತ್ತನೆಯ ದಿನ ಸಭೆ ಕೂಡಿತು. ಅರಸನ ಪಕ್ಕದಲ್ಲಿ ಕೊಡಲಿ ಹಿಡಿದ ಕಟುಕ ನಿಂತಿದ್ದ.

"ಮೊದಲನೆಯದು," ಅಂದ ಚಂಡಸೇನ. "ಹುಟ್ಟಿದಾಗಿನಿಂದ ನಿನ್ನ ಜೊತೆಗಿರುತ್ತದೆ. ನೀನು ಓಡಿದರೆ ತಾನೂ ಓಡುತ್ತದೆ. ಹಿಡಿಯಹೋದರೆ ಕೈಗೆ ಸಿಗದು..."

"ನೆರಳು" ಅಂದ ವಿಜಯಪ್ರತಾಪ, ಕೈ ಮೇಲೆತ್ತಿ.

"...ದೀಪ ಆರಿದ ಮೇಲೂ ಬಿಟ್ಟುಹೋಗದು. ಅದು ಬಿಟ್ಟುಹೋದ ದಿನ ನೀನಿರುವುದಿಲ್ಲ," ಅಂತ ಅರಸ ಮುಗಿಸಿದ. ಕಾವಲಿನವರು ಹುಡುಗನನ್ನು ಕಟುಕನ ಹತ್ತಿರ ಕೂರಿಸಿದರು. ಮಂತ್ರಿ ಕುಸಿದುಬಿದ್ದ.

ಕೆಂಚಿ ನಿಧಾನಕ್ಕೆ ಎದ್ದಳು. "ಉಸಿರು, ಪ್ರಭು."

ಅರಸ ತಲೆದೂಗಿದ. "ಎರಡನೆಯದು. ಖಾಲಿ ಮಾಡಿದಷ್ಟೂ ದೊಡ್ಡದಾಗುತ್ತದೆ, ತುಂಬಿದರೆ ಇಲ್ಲವಾಗುತ್ತದೆ..."

ಒಬ್ಬನ ಗತಿ ಕಣ್ಣೆದುರೇ ಇತ್ತಲ್ಲ, ರತ್ನಾಂಗದನಿಗೆ ಬುದ್ಧಿ ಬರಬೇಡವೇ? ಕೈ ತನ್ನಷ್ಟಕ್ಕೆ ಎದ್ದಿತ್ತು. "ಗುಂಡಿ, ಪ್ರಭು."

"...ತುಂಬಿದ ಜಾಗದಲ್ಲೇ ಯಾರೂ ತೋಡದೆ ನಾಲ್ಕು ತಾಸಿಗೆ ಮತ್ತೆ ಹುಟ್ಟುತ್ತದೆ. ತಿರುಕನಿಗೂ ಅದೇ, ನನಗೂ ಅದೇ." ಅವನನ್ನೂ ಎಳೆದೊಯ್ದರು.

ಗುಂಡಿ ಎಂದರೇನೆಂದು ಕೆಂಚಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮುಚ್ಚಿದ ಗುಂಡಿ ತಾನಾಗಿ ತೆರೆದುಕೊಂಡದ್ದನ್ನು ಅವಳು ಎಂದೂ ಕಂಡಿರಲಿಲ್ಲ. "ಹಸಿವು," ಅಂದಳು.

"ಮೂರನೆಯದು. ಮೂರು ವರ್ಷದ ಮಗುವಿನ ಬಾಯಿಂದ ದಿನಕ್ಕೆ ನೂರು ಬರುತ್ತದೆ. ಬೆಳೆಯುತ್ತ ಬೆಳೆಯುತ್ತ ಒಂದೂ ಬರುವುದಿಲ್ಲ..."

ಈಗ ಒಂದು ಕೈಯೂ ಏಳಲಿಲ್ಲ. ಮಕ್ಕಳೆಲ್ಲ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದರು. ಎದ್ದದ್ದು ಶಾಲು. "ಮುತ್ತು, ಪ್ರಭು, ಕೆನ್ನೆಗೆ ಕೊಡುವ ಮುತ್ತು!" ಅಂದುಬಿಟ್ಟಿದ್ದ ಪಂಡಿತ. ಅಂದ ಮೇಲೆ ಬಾಯಿ ಮುಚ್ಚಿಕೊಂಡ. ಪಾಪ, ತಾನೇ ಹಚ್ಚಿದ ಚಟ.

"...ಬಂದರೆ ಬಾಯಿಬಿಟ್ಟವನಿಗೆ ಲಾಭ, ಕಿವಿಗೊಟ್ಟವನಿಗೆ ಕಿರಿಕಿರಿ," ಅಂದ ಅರಸ. "ನನ್ನ ತೋಟದಲ್ಲಿ ನಲವತ್ತು ದಿನ ಅದು ಒಂದೂ ಹುಟ್ಟಲಿಲ್ಲ." ಪಂಡಿತನೂ ಕಟುಕನ ಪಕ್ಕ ಕೂತ.

ಕೆಂಚಿ ಮತ್ತೆ ಎದ್ದಳು. ಉತ್ತರ ಗೊತ್ತಿತ್ತು, ಆದರೆ ಅದನ್ನು ಹೇಳಬೇಕಾದರೆ ಅರಸನ ಮಾತು ತಿದ್ದಬೇಕಿತ್ತು. "ಪ್ರಶ್ನೆ, ಪ್ರಭು. ಆದರೆ ಒಂದೂ ಹುಟ್ಟಲಿಲ್ಲ ಅನ್ನುವುದು ಸುಳ್ಳು. ಮೇಲಿನ ಮಣ್ಣು ಸುಡುತ್ತಿದ್ದರೂ ಬಾವಿಯ ತಳ ಯಾಕೆ ತಂಪು ಅಂತ ನಾನು ಒಂದು ಕೇಳಿದೆ. ಮಧ್ಯಾಹ್ನದವರೆಗೆ ನನ್ನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು."

ಅರಸ ಅವಳ ಕಡೆ ತಿರುಗಿದ. "ಮೂರೂ ಸರಿ. ಏನು ಬೇಕು ಕೇಳು."

ಅವಳು ಕಟುಕನ ಪಕ್ಕ ಕೂತಿದ್ದ ಮೂವರ ಕಡೆ ನೋಡಿದಳು. ಕನಿಕರ ಬರಲಿಲ್ಲ, ಸುಳ್ಳೇಕೆ. "ಮೊದಲು ಆ ಕೊಡಲಿಯನ್ನು ಒಳಗೆ ಕಳಿಸಿ. ಏನೂ ಇಲ್ಲದ ತಲೆಗಳನ್ನು ಕತ್ತರಿಸಿ ಕೊಡಲಿ ಮೊಂಡು ಮಾಡುವುದೇಕೆ. ಆಮೇಲೆ ನನ್ನದೊಂದು ಪ್ರಶ್ನೆಗೆ ಉತ್ತರ ಬೇಕು."

"ಕೇಳು."

"ಮೇಲಿನ ಕಿಟಕಿಯಿಂದ ದಿನವೂ ನೋಡುತ್ತಿದ್ದಿರಿ. ಇಲ್ಲಿ ಏನೂ ಕಲಿಸುತ್ತಿಲ್ಲ ಅಂತ ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಮಕ್ಕಳ ತಲೆ ಕೇಳಿದಿರಿ. ಈ ಪಂಡಿತನನ್ನು ತಂದು ಕೂರಿಸಿದವರು ಯಾರು?"

ಚಂಡಸೇನ ಅವಸರ ಮಾಡಲಿಲ್ಲ. ಮಕ್ಕಳನ್ನು ನೋಡಿದ, ಕೊಡಲಿಯನ್ನು ನೋಡಿದ, ಕೊನೆಗೆ ತಲೆ ತಗ್ಗಿಸಿದ.

"ನಾನು," ಅಂದ.

ಆ ದಿನವೇ ಕೊಡಲಿ ಒಳಗೆ ಹೋಯಿತು, ಇನ್ನು ಪಾಠ ನೀನೇ ನಡೆಸು ಅಂತ ಅರಸ ತೋಟವನ್ನು ಕೆಂಚಿಯ ಕೈಗೆ ಒಪ್ಪಿಸಿದ. ಮುಂದಿನ ಬೇಸಿಗೆ ಅಲ್ಲಿ ಸೇರಿದ ಮಕ್ಕಳ ಸಾಲಿನಲ್ಲಿ, ಕೊನೆಯ ಚಾಪೆಯ ಮೇಲೆ, ಕಿರೀಟ ಬದಿಗಿಟ್ಟು ಚಂಡಸೇನನೂ ಕೂತಿದ್ದ.